ನಾಲೆ ಏರಿಗೆ ಡಾಂಬರು ಬೇಡ, ಗೇಟು ಹಾಕಿ: ಜಲಸಂಪನ್ಮೂಲ ಮತ್ತು ಅರಣ್ಯ ಇಲಾಖೆಗಳಿಗೆ ಬಹಿರಂಗ ಪತ್ರ

ಇವರಿಗೆ,
ಜಲಸಂಪನ್ಮೂಲ, ಅರಣ್ಯ ಮತ್ತು ಪ್ರವಾಸೋದ್ಯಮ ಇಲಾಖೆಗಳ ಕಾರ್ಯದರ್ಶಿಗಳು,
ಕರ್ನಾಟಕ ಸರ್ಕಾರ, ಬೆಂಗಳೂರು.

ವಿಷಯ: ಮಂಡ್ಯ ಜಿಲ್ಲೆಯ ನಾಲೆ ಏರಿಗಳನ್ನೂ ಅಭಯಾರಣ್ಯದ ಹೊರಗಿನ ನೆಡುತೋಪು ದಾರಿಗಳನ್ನೂ ಕಾರುಗಳಿಗೆ ಮುಚ್ಚಿ, ಸೈಕಲ್ಲಿಗೆ ಮತ್ತು ನಡಿಗೆಗೆ ಉಳಿಸಿಕೊಡುವ ಬಗ್ಗೆ.

ಮಾನ್ಯರೇ,

ಸೈಕಲ್ ಪಥ ಕಟ್ಟಿಸಿಕೊಡಿ ಎಂದು ಕೇಳುವ ಪತ್ರ ಇದಲ್ಲ. ಹಾಗೆ ಕೇಳಿದರೆ ಏನು ಸಿಗುತ್ತದೆಂದು ನಮಗೂ ಗೊತ್ತು, ನಿಮಗೂ ಗೊತ್ತು: ಹಸಿರು ಬಣ್ಣ, ಇಂಟರ್‌ಲಾಕ್ ಇಟ್ಟಿಗೆ, ಉದ್ಘಾಟನೆಯ ಕಲ್ಲು, ಕೆಲವು ತಿಂಗಳಾದ ಮೇಲೆ ಅದರ ಮೇಲೊಂದು ಎಳನೀರು ಗಾಡಿ ಮತ್ತು ಸಾಲಾಗಿ ನಿಂತ ಕಾರುಗಳು. ನಾವು ಕೇಳುತ್ತಿರುವುದು ಅದಕ್ಕಿಂತ ಬಹಳ ಅಗ್ಗದ್ದು. ದಾರಿ ಈಗಾಗಲೇ ಇದೆ. ಅದಕ್ಕೆ ಡಾಂಬರು ಹಾಕಬೇಡಿ. ಕಾರು ನುಗ್ಗದಂತೆ ಬಾಯಿಗೊಂದು ಗೇಟು ಹಾಕಿ. ಮಣ್ಣಿನ ಮೇಲ್ಮೈಯನ್ನು ನೆಟ್ಟಗೆ ನೋಡಿಕೊಳ್ಳಿ. ಇಷ್ಟರಲ್ಲೇ ಕೆಟ್ಟುಹೋಗುವ ಸಂಗತಿಗಳು ಸಾಕಷ್ಟಿವೆ, ಅದಕ್ಕೇ ಪತ್ರ ಉದ್ದವಾಯಿತು.

ಕೆಆರ್‌ಎಸ್‌ನಿಂದ ಹೊರಡುವ ವಿಶ್ವೇಶ್ವರಯ್ಯ (ವಿ.ಸಿ.) ನಾಲೆ, ಹಳಬರ ಬಾಯಲ್ಲಿ ಇರ್ವಿನ್ ನಾಲೆ, ಮಂಡ್ಯ ಸೀಮೆಯ ಉದ್ದಕ್ಕೂ ಕವಲೊಡೆದು ಹರಿಯುತ್ತದೆ. ಶ್ರೀರಂಗಪಟ್ಟಣದ ಸುತ್ತ ಅದಕ್ಕಿಂತ ಹಳೆಯ ಅಣೆಕಟ್ಟೆ ನಾಲೆಗಳಿವೆ: ಚಿಕ್ಕದೇವರಾಜ ಸಾಗರ, ವಿರಿಜಾ, ಬಂಗಾರದೊಡ್ಡಿ. ದೊಡ್ಡ ನಾಲೆಗಳ ಏರಿ ಮೇಲೆ ಇಲಾಖೆಯ ಜೀಪು ಓಡಾಡಲು ಬಿಟ್ಟ ಮಣ್ಣಿನ ದಾರಿ ಇದೆ. ನೀರು ಮೆಲ್ಲನೆ ಸಾಗಲು ಬೇಕಾದಷ್ಟೇ ಇಳಿಜಾರು ನಾಲೆಗೆ ಇರುತ್ತದೆ, ಹಾಗಾಗಿ ಏರಿಗೂ ಅಷ್ಟೇ. ಗುಡ್ಡ ಬಂದರೆ ನಾಲೆ ಬಳಸಿಕೊಂಡು ಹೋಗುತ್ತದೆ, ಸವಾರನೂ ಬಳಸಿಕೊಂಡು ಹೋಗುತ್ತಾನೆ. ಹತ್ತು ವರ್ಷದ ಹುಡುಗಿಯೂ ಅರವತ್ತು ದಾಟಿದವರೂ ಒಂದೇ ದಾರಿಯಲ್ಲಿ ಉಸಿರು ಕಟ್ಟದೆ ತುಳಿಯಬಹುದಾದ ಇಂಥ ಸಮತಟ್ಟನ್ನು ಹೊಸದಾಗಿ ಕಟ್ಟಲು ಹೊರಟರೆ ಭೂಸ್ವಾಧೀನಕ್ಕೇ ಒಂದು ತಲೆಮಾರು ಹಿಡಿಯುತ್ತದೆ.

ಬದಲಿ ದಾರಿಯ ಸ್ಥಿತಿಯನ್ನೂ ನೋಡಿ. 2023ರ ಆಗಸ್ಟ್ 1ರಿಂದ ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ ಬೈಕು, ಆಟೊ, ಟ್ರ್ಯಾಕ್ಟರ್‌ಗಳ ಜತೆ ಸೈಕಲ್ಲಿಗೂ ಪ್ರವೇಶವಿಲ್ಲ. ಆ ವೇಗದ ನಡುವೆ ಸೈಕಲ್ ಇರಬಾರದು ಎಂಬುದನ್ನು ನಾವೂ ಒಪ್ಪುತ್ತೇವೆ. ಆದರೆ ಅಲ್ಲಿಂದ ಹೊರಹಾಕಿದ ಮೇಲೆ ಉಳಿದದ್ದು ಸರ್ವೀಸ್ ರಸ್ತೆ ಮಾತ್ರ.

ಏರಿಗೆ ಡಾಂಬರು ಬಿದ್ದ ಕೂಡಲೇ ಏನಾಗುತ್ತದೆ ಎಂಬುದಕ್ಕೆ ದೂರ ಹೋಗಬೇಕಿಲ್ಲ. ರಸ್ತೆ ನುಣುಪಾದಷ್ಟೂ ವೇಗ ಹೆಚ್ಚುತ್ತದೆ, ಪಕ್ಕದಲ್ಲಿ ಮಾತ್ರ ಅದೇ ನೀರು. 2018ರ ನವೆಂಬರ್‌ನಲ್ಲಿ ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಬಸ್ಸು ವಿ.ಸಿ. ನಾಲೆಗೆ ಉರುಳಿ 30 ಜನ ಸತ್ತರು. ಊರಿಂದೂರಿಗೆ ಬಸ್ಸು ಓಡುವ ಅಂಥ ರಸ್ತೆಗಳನ್ನು ಮುಚ್ಚಿ ಎಂದು ನಾವು ಹೇಳುತ್ತಿಲ್ಲ, ಅಲ್ಲಿಗೆ ತಡೆಗೋಡೆಯೇ ಮದ್ದು. ಬಸ್ಸು ಓಡದ, ಬೇರೆ ರಸ್ತೆ ಇರುವ, ಇನ್ನೂ ಮಣ್ಣಾಗಿಯೇ ಉಳಿದಿರುವ ಏರಿಗಳಿಗೆ ಮೊದಲು ಡಾಂಬರು ಹಾಕಿ, ಕಾರು ಬಿದ್ದ ಮೇಲೆ ಗೋಡೆ ಕಟ್ಟುವ ಎರಡು ಖರ್ಚು ಯಾಕೆ?

ಇಂಥದೇ ಪ್ರಶ್ನೆ ಅಮೆರಿಕದಲ್ಲಿ ಎದ್ದಿತ್ತು. ವಾಷಿಂಗ್ಟನ್ನಿನಿಂದ ಕಂಬರ್ಲ್ಯಾಂಡ್‌ವರೆಗೆ ಪೊಟೊಮ್ಯಾಕ್ ನದಿಯ ಪಕ್ಕದಲ್ಲೇ ಸಾಗುವ ಚೆಸಪೀಕ್–ಒಹಾಯೊ ಕಾಲುವೆಯಲ್ಲಿ ದೋಣಿ ಸಂಚಾರ 1924ರಲ್ಲಿ ನಿಂತುಹೋಗಿತ್ತು. ಅದರ ಜಾಡಿನಲ್ಲಿ ಮೋಟಾರು ರಸ್ತೆ ಮಾಡುವ ಯೋಜನೆಯನ್ನು ಅಲ್ಲಿನ ದೊಡ್ಡ ಪತ್ರಿಕೆಯೊಂದು 1954ರ ಜನವರಿಯಲ್ಲಿ ಸಂಪಾದಕೀಯದಲ್ಲಿ ಬೆಂಬಲಿಸಿತು. ಸುಪ್ರೀಂ ಕೋರ್ಟ್ ನ್ಯಾಯಮೂರ್ತಿ ವಿಲಿಯಂ ಡಗ್ಲಸ್ ಅದೇ ಪತ್ರಿಕೆಗೆ ಪತ್ರ ಬರೆದು, ಮೊದಲು ನನ್ನ ಜತೆ ಆ ದಾರಿಯಲ್ಲಿ ನಡೆದು ಬನ್ನಿ ಎಂದು ಸಂಪಾದಕರನ್ನೇ ಕರೆದರು. ಮಾರ್ಚಿಯಲ್ಲಿ ಎಲ್ಲರೂ ಹೊರಟರು, ಪತ್ರಿಕೆಯ ನಿಲುವು ಬದಲಾಯಿತು. 1971ರಲ್ಲಿ ಅದು ರಾಷ್ಟ್ರೀಯ ಐತಿಹಾಸಿಕ ಉದ್ಯಾನವಾಯಿತು. ದೋಣಿ ಎಳೆಯುವ ಹೇಸರಗತ್ತೆಗಳು ನಡೆದ ಸುಮಾರು 297 ಕಿಲೋಮೀಟರ್ ದಾರಿಯಲ್ಲಿ ಈಗ ಕಾರಿಲ್ಲ, ಮಣ್ಣು ಮತ್ತು ಪುಡಿಜಲ್ಲಿಯ ಮೇಲೆ ಸೈಕಲ್ ಓಡುತ್ತದೆ. ಕಂಬರ್ಲ್ಯಾಂಡಿನಿಂದ ಮುಂದಕ್ಕೆ ಪಿಟ್ಸ್‌ಬರ್ಗ್‌ವರೆಗೆ ಹಳೆಯ ರೈಲು ಹಾದಿಯ ಮೇಲೆ ಇನ್ನೂ 240 ಕಿಲೋಮೀಟರ್ ಇದೆ. ಅಲ್ಲಿನದು ನೀರು ಬತ್ತಿದ ನಾಲೆ, ನಮ್ಮದು ಗದ್ದೆಗೆ ನೀರುಣಿಸುವ ಜೀವಂತ ನಾಲೆ. ಹಾಗಾಗಿ ಆ ನಕ್ಷೆಯನ್ನು ಇಲ್ಲಿ ಅಂಟಿಸಲಾಗದು. ಇಲ್ಲಿ ಮೊದಲ ಹಕ್ಕು ರೈತನದು.

ಹಾಗಾಗಿ ಮೊದಲು ಗೇಟಿನ ಮಾತು. ಕಬ್ಬು ಕಡಿಯುವ ಕಾಲದಲ್ಲಿ ಟ್ರ್ಯಾಕ್ಟರು, ಲಾರಿ ಏರಿ ಹತ್ತಲೇಬೇಕು. ಶಾಶ್ವತವಾಗಿ ಕಂಬ ಹೂತರೆ ಒಂದೇ ವಾರದಲ್ಲಿ ಅದು ಕಿತ್ತು ಬರುತ್ತದೆ, ಕಿತ್ತವರದು ತಪ್ಪೂ ಅಲ್ಲ. ಬೇಕಾದುದು 4 ಮೀಟರ್ ಅಗಲದ, ಬೀಗ ಹಾಕುವ ಗೇಟು ಮತ್ತು ಅದರ ಪಕ್ಕದಲ್ಲಿ ಸದಾ ತೆರೆದೇ ಇರುವ 1.2 ಮೀಟರ್ ಸಂದು. ಸಣ್ಣ ಕಾರಿನ ಅಗಲ ಸುಮಾರು 1.5 ಮೀಟರ್, ಆಟೊದ್ದು 1.3. ಈ ಸಂದಿನಲ್ಲಿ ಎರಡೂ ತೂರುವುದಿಲ್ಲ. ಹುಲ್ಲಿನ ಹೊರೆ ಕಟ್ಟಿದ ಸೈಕಲ್ಲು, ಗಾಲಿಕುರ್ಚಿ, ಹಾಲಿನ ಕ್ಯಾನು ತೂಗುಹಾಕಿದ ಬೈಕು ತೂರುತ್ತವೆ. ಬೈಕನ್ನೂ ತಡೆಯಬೇಕೆಂದು ಸಂದನ್ನು ಇನ್ನಷ್ಟು ಕಿರಿದು ಮಾಡಿದರೆ ಡೇರಿಗೆ ಹಾಲು ಹಾಕುವವರೇ ಮೊದಲ ಶತ್ರುಗಳಾಗುತ್ತಾರೆ. ಮೆಲ್ಲಗೆ ಹೋಗುವ ಊರಿನ ಬೈಕು ನಮಗೆ ತೊಂದರೆಯಲ್ಲ.

ಬೀಗದ ಕೈ ಗದ್ದೆಗಳಿಗೆ ನೀರು ಹಂಚುವ ನೀರುಗಂಟಿಯ ಬಳಿ ಒಂದು, ಪಂಚಾಯಿತಿಯಲ್ಲಿ ಒಂದು, ಪೊಲೀಸ್ ಠಾಣೆಯಲ್ಲಿ ಒಂದು ಇರಲಿ. ಒಂದು ನಾಲೆಯ ಎಲ್ಲ ಗೇಟುಗಳಿಗೂ ಒಂದೇ ಕೈ ಹೊಂದಬೇಕು, ಇಲ್ಲದಿದ್ದರೆ ಆಂಬುಲೆನ್ಸ್ ಬಂದ ದಿನ ಬೀಗದ ಕೈಗಾಗಿ ಮೂರು ಊರು ಅಲೆಯಬೇಕಾಗುತ್ತದೆ. ಗೇಟಿನ ಬದಲು ಸರಪಳಿ ಮಾತ್ರ ಕಟ್ಟಬೇಡಿ. ಮುಸ್ಸಂಜೆಯಲ್ಲಿ ಸರಪಳಿ ಕಾಣುವುದಿಲ್ಲ, ಎದೆಮಟ್ಟಕ್ಕೆ ಸಿಕ್ಕರೆ ಸವಾರ ಉಳಿಯುವುದಿಲ್ಲ. ಅಡ್ಡದೊಣ್ಣೆಯ ಗೇಟಿಗೂ ಇದೇ ಅಪಾಯ. ಸಂದಿನ ಕಂಬಗಳು 1 ಮೀಟರ್ ಎತ್ತರವಿರಲಿ, 60 ಸೆಂ.ಮೀ. ಆಳದ ಕಾಂಕ್ರೀಟಿನಲ್ಲಿ ನಿಲ್ಲಲಿ, ಹೊಳೆಯುವ ಪಟ್ಟಿ ಇರಲಿ. ತಿರುವಿನಲ್ಲಾಗಲಿ ಇಳಿಜಾರಿನ ಬುಡದಲ್ಲಾಗಲಿ ಗೇಟು ಬೇಡ. 20 ಮೀಟರ್ ನೇರ ದಾರಿ ಇರುವ ಕಡೆ ನಿಲ್ಲಿಸಿ.

ಇನ್ನು ಮೇಲ್ಮೈ. ನಮ್ಮ ಗುತ್ತಿಗೆದಾರರು ಎಡವುವುದು ಇಲ್ಲೇ. ಅಂದಾಜು ಪಟ್ಟಿಯಲ್ಲಿ 'ಗ್ರಾವೆಲ್' ಎಂಬ ಒಂದೇ ಪದ ಇದ್ದರೆ 40 ಮಿ.ಮೀ. ಜಲ್ಲಿ ಸುರಿದು, ಜೆಸಿಬಿ ಬಕೆಟ್ಟಿನಿಂದ ಸವರಿ, ಫೋಟೊ ತೆಗೆದು ಬಿಲ್ ಮಾಡುತ್ತಾರೆ. ಅದು ಸೈಕಲ್ಲಿಗೆ ಮಣ್ಣಿಗಿಂತ ಕೆಟ್ಟದ್ದು. ಕಲ್ಲು ಚಕ್ರದಡಿ ಉರುಳುತ್ತದೆ, ಟೈರಿನ ಪಕ್ಕೆ ಸೀಳುತ್ತದೆ, ನಡೆಯುವವರ ಕಾಲು ಉಳುಕುತ್ತದೆ. ನದಿಯ ನುಣುಪು ಬೆಣಚುಕಲ್ಲೂ ಆಗದು. ಎಷ್ಟು ರೋಲರ್ ಹೊಡೆದರೂ ದುಂಡು ಕಲ್ಲು ಒಂದಕ್ಕೊಂದು ಕಚ್ಚಿಕೊಳ್ಳುವುದಿಲ್ಲ.

ಸರಿಯಾದ ಕ್ರಮ ಇದು. ಏರಿಯ ನಡುವಿನ 2.2 ಮೀಟರ್ ಪಟ್ಟಿ ಗಟ್ಟಿಯಾದರೆ ಸಾಕು, ಎರಡು ಅಂಚಿನ ಹುಲ್ಲು ಹಾಗೇ ಉಳಿಯಲಿ. ಮಣ್ಣು ಕುಸಿಯದಂತೆ ಹಿಡಿಯುವುದು ಆ ಹುಲ್ಲೇ. ಮೇಲಿನ ಸಡಿಲ ಮಣ್ಣು ಕೆರೆದು ಗೊಚ್ಚು ಮಣ್ಣನ್ನು, ಎಂದರೆ ಸಣ್ಣ ಕಲ್ಲು ಬೆರೆತ ಮಣ್ಣನ್ನು, 75 ಮಿ.ಮೀ.ನ ಎರಡು ಪದರವಾಗಿ ಹಾಕಬೇಕು. ಒಂದೊಂದು ಪದರಕ್ಕೂ ನೀರು ಚಿಮುಕಿಸಿ ಬೇರೆ ಬೇರೆಯಾಗಿ ರೋಲರ್ ಹೊಡೆಯಬೇಕು. ಗೊಚ್ಚು ತರಿಸುವ ಮೊದಲು ಒಂದು ಹಿಡಿ ಒದ್ದೆ ಮಾಡಿ ಅಂಗೈಯಲ್ಲಿ ಹೊಸೆದು ನೋಡಿ. ತೆಳ್ಳನೆ ಬತ್ತಿಯಾದರೆ ಜೇಡಿ ಹೆಚ್ಚಿದೆ, ಮಳೆಯಲ್ಲಿ ಜಾರುತ್ತದೆ. ಉಂಡೆ ಕಟ್ಟದೆ ಉದುರಿದರೆ ಅಂಟು ಕಮ್ಮಿ, ಬೇಸಿಗೆಯಲ್ಲಿ ಧೂಳೆದ್ದು ಹೋಗುತ್ತದೆ. ಉಂಡೆ ಕಟ್ಟಿ, ಒತ್ತಿದರೆ ಒಡೆಯಬೇಕು. ಇದರ ಮೇಲೆ 6 ಮಿ.ಮೀ. ಚಿಪ್ಸು ಮತ್ತು ಕ್ರಷರ್ ಪುಡಿ ಬೆರೆಸಿದ 40 ಮಿ.ಮೀ. ಪದರ, ಮತ್ತೆ ನೀರು, ಮತ್ತೆ ರೋಲರ್. ಪುಡಿ ತೊಳೆದ ಜಲ್ಲಿ ಬೇಡ, ಕಲ್ಲನ್ನು ಕಟ್ಟಿಹಾಕುವುದು ಆ ಪುಡಿಯೇ. ದೊಡ್ಡ ಕಂಪನದ ರೋಲರನ್ನು ಏರಿಯ ಅಂಚಿಗೆ ತರಬಾರದು, ನಾಲೆಯ ಒಳಮೈಯ ಕಾಂಕ್ರೀಟ್ ಹೊದಿಕೆ (ಲೈನಿಂಗ್) ಬಿರುಕು ಬಿಟ್ಟೀತು. ಪದರ ತೆಳ್ಳಗಿದ್ದರೆ ಚಿಕ್ಕ ರೋಲರೇ ಸಾಕು.

ಲೆಕ್ಕವೂ ದೊಡ್ಡದಲ್ಲ. ಕಿಲೋಮೀಟರಿಗೆ ಗಟ್ಟಿಯಾದ ಗೊಚ್ಚು 330 ಘನ ಮೀಟರ್, ಸಡಿಲ ಅಳತೆಯಲ್ಲಿ 420ರ ಸುಮಾರು, ಎಂದರೆ 6 ಘನ ಮೀಟರಿನ ಟಿಪ್ಪರ್‌ನಲ್ಲಿ 70 ಲೋಡು. ಮೇಲಿನ ಪದರಕ್ಕೆ ಗಟ್ಟಿ ಅಳತೆಯಲ್ಲಿ ಇನ್ನೊಂದು 88. ಅದೂ ಏರಿ ಪೂರಾ ಹಾಳಾಗಿರುವ ಕಡೆ ಮಾತ್ರ. ಬಹುಪಾಲು ಕಡೆ ದನ, ಗಾಡಿ, ಜೀಪು ತುಳಿದು ತುಳಿದು ನೆಲ ತಾನಾಗಿಯೇ ಗಟ್ಟಿಯಾಗಿದೆ, ಗುಂಡಿ ಮುಚ್ಚಿದರೆ ಸಾಕು. ಎಲ್ಲ ಕಡೆ ಅಗೆದು ಹೊಸದಾಗಿ ಮಾಡುವ ಹುಮ್ಮಸ್ಸು ದಯವಿಟ್ಟು ಬೇಡ.

ನೀರು ಇಳಿದು ಹೋಗುವ ವ್ಯವಸ್ಥೆ ಇಲ್ಲದಿದ್ದರೆ ಮೇಲಿನದೆಲ್ಲ ಒಂದೇ ಮುಂಗಾರಿಗೆ ಕೊಚ್ಚಿಹೋಗುತ್ತದೆ. ಪಟ್ಟಿಗೆ ನೂರಕ್ಕೆ ಮೂರರಷ್ಟು ಅಡ್ಡ ಇಳಿಜಾರು ಬೇಕು, 2.2 ಮೀಟರಿಗೆ ಆರೂವರೆ ಸೆಂ.ಮೀ. ಅದು ನಾಲೆಯ ಕಡೆಗಲ್ಲ, ಹೊರಗಿನ ಗದ್ದೆಯ ಕಡೆಗೆ. ಒಳಕ್ಕೆ ಇಳಿಸಿದರೆ ಮಳೆನೀರು ಲೈನಿಂಗಿನ ಹಿಂದೆ ನುಗ್ಗಿ ಮಣ್ಣು ಕೊರೆಯುತ್ತದೆ. ಮೋರಿಯ ಮೇಲಿನ ಕಬ್ಬಿಣದ ಜಾಲರಿಗಳ ಕಂಬಿ ದಾರಿಗೆ ಅಡ್ಡಲಾಗಿರಲಿ, ಉದ್ದಕ್ಕೆ ಹಾಕಿದರೆ ಚಕ್ರ ಅದರೊಳಗೇ ಕೂರುತ್ತದೆ. ಬೇಸಿಗೆಯಲ್ಲಿ ಹೂಳೆತ್ತುವವರು ಕೆಸರು, ಜೊಂಡು, ಪ್ಲಾಸ್ಟಿಕ್ಕು ಎಲ್ಲವನ್ನೂ ಏರಿಯ ಮೇಲೇ ಗುಡ್ಡೆ ಹಾಕಿ ಹೋಗುತ್ತಾರೆ. ಸಾಗಿಸುವ ಖರ್ಚನ್ನು ಹೂಳೆತ್ತುವ ಟೆಂಡರಿನಲ್ಲೇ ಸೇರಿಸದ ಹೊರತು ಯಾವ ಮೇಲ್ಮೈಯೂ ಎರಡನೇ ವರ್ಷ ಕಾಣುವುದಿಲ್ಲ.

ಈ ಪಾಕವನ್ನು ತುಂಗಭದ್ರಾ, ಕೃಷ್ಣಾ ಮೇಲ್ದಂಡೆ ಕಾಲುವೆಗಳಿಗೆ ಹಾಗೇ ಒಯ್ಯಬೇಡಿ. ಅಲ್ಲಿನ ಕಪ್ಪು ಎರೆ ಮಣ್ಣು ಒದ್ದೆಯಾದರೆ ಹತ್ತು ಹೆಜ್ಜೆಯೊಳಗೆ ಟೈರಿಗೆ ಮೆತ್ತಿ ಫೋರ್ಕಿನ ಸಂದು ಮುಚ್ಚಿ ಚಕ್ರವೇ ನಿಲ್ಲುತ್ತದೆ, ಒಣಗಿದರೆ ಬಿರುಕು ಬಿಟ್ಟು ಹಾಸಿದ ಪದರವನ್ನೇ ಸೀಳುತ್ತದೆ. ಅಲ್ಲಿಯ ಲೆಕ್ಕ ಬೇರೆ. ಮೊದಲು ಮಂಡ್ಯದ ಕೆಂಪು ಮಣ್ಣಿನಲ್ಲಿ ಮಾಡೋಣ.

ನೀರಿನ ಅಂಚಿನ ವಿಷಯದಲ್ಲಿ ಅರೆಬರೆ ಕೆಲಸ ಬೇಡವೇ ಬೇಡ. ಲೈನಿಂಗ್ ಆದ ನಾಲೆಗೆ ಬಿದ್ದವರು ಈಜು ಬಂದರೂ ಸಾಯುವುದು ಯಾಕೆಂದರೆ ಪಾಚಿ ಹಿಡಿದ ಇಳಿಜಾರು ಕಾಂಕ್ರೀಟಿನಲ್ಲಿ ಕೈಗೆ ಹಿಡಿತವೇ ಸಿಗುವುದಿಲ್ಲ. ಎರಡೂ ದಡದಲ್ಲಿ 100 ಮೀಟರಿಗೊಂದು ಮೆಟ್ಟಿಲು ಅಥವಾ ಕಬ್ಬಿಣದ ಏಣಿ ಬೇಕು. ಇದು ಸೈಕಲ್ಲಿಗಾಗಿ ಅಲ್ಲ, ಬಟ್ಟೆ ಒಗೆಯುವವರಿಗೆ, ದನ ತೊಳೆಯುವ ಮಕ್ಕಳಿಗೆ ಇಷ್ಟು ಹೊತ್ತಿಗೆ ಆಗಬೇಕಿತ್ತು. ಹುಲಿಕೆರೆಯಲ್ಲಿ ವಿ.ಸಿ. ನಾಲೆ ಸುರಂಗದೊಳಗೆ ಇಳಿಯುತ್ತದೆ. ಅಂಥ ಬಾಯಿಗಳಿಗಿಂತ ಸಾಕಷ್ಟು ಮೊದಲೇ ನೀರಿಗೆ ಅಡ್ಡಲಾಗಿ ತೇಲುವ ಡಬ್ಬಿ ಕಟ್ಟಿದ ಸರಪಳಿ ಇರಬೇಕು. ಏರಿಯ ದಾರಿಯೂ ಅಲ್ಲಿ ನಾಲೆಯ ಜಾಡು ಬಿಟ್ಟು ಬೇರೆ ಕಡೆ ತಿರುಗಬೇಕಾಗುತ್ತದೆ, ಆ ತಿರುವಿಗೆ ದಾರಿಫಲಕ ಹಾಕಿ. ಅಂಚಿಗೆ 15 ಸೆಂ.ಮೀ. ಎತ್ತರದ ಕಟ್ಟೆ ಕಟ್ಟಬೇಡಿ. ಚಕ್ರ ಅದಕ್ಕೆ ತಗುಲಿದರೆ ಸವಾರ ನೇರ ನೀರಿಗೆ. ಕಟ್ಟೆಗಿಂತ ಒಂದು ಮೀಟರ್ ಅಗಲದ ಹುಲ್ಲಿನ ಪಟ್ಟಿ ಮೇಲು. ಸೇತುವೆಗಳ ಮೇಲೆ ಕಂಬಿ 1.4 ಮೀಟರ್ ಎತ್ತರವಿರಲಿ. ನಡೆಯುವವರಿಗೆಂದು ಹಾಕಿದ 90 ಸೆಂ.ಮೀ. ಕಂಬಿ ಸೈಕಲ್ ಮೇಲೆ ಕುಳಿತವರ ಸೊಂಟಕ್ಕಿಂತ ಕೆಳಗಿರುತ್ತದೆ, ತಡೆಯುವ ಬದಲು ಮಗುಚುತ್ತದೆ.

ಅರಣ್ಯ ಇಲಾಖೆಯವರು ಇಲ್ಲಿಯವರೆಗೆ ಓದಿ ಹುಬ್ಬೇರಿಸಿದ್ದರೆ, ಒಂದು ಮಾತು ಮೊದಲೇ ಹೇಳಿಬಿಡುತ್ತೇವೆ: ಕಾವೇರಿ ವನ್ಯಧಾಮದೊಳಗೆ ಸೈಕಲ್ ಬಿಡಿ ಎಂದು ನಾವು ಕೇಳುತ್ತಿಲ್ಲ. ಕೇಳುವವರು ಇದ್ದಾರೆ. ಮುತ್ತತ್ತಿ, ಭೀಮೇಶ್ವರಿಯ ಹೊಳೆದಂಡೆಯ ದಾರಿಗಳ ಚಿತ್ರ ನೋಡಿದರೆ ಯಾರಿಗಾದರೂ ಆಸೆಯಾಗುತ್ತದೆ. ಆದರೆ ಆನೆ ಇರುವ ಕಾಡಿಗೆ ಸೈಕಲ್ ಜೀಪಿಗಿಂತ ಕೆಟ್ಟದ್ದು, ಯಾಕೆಂದರೆ ಅದಕ್ಕೆ ಸದ್ದಿಲ್ಲ, ವೇಗವಿದೆ. ಗಂಟೆಗೆ 20 ಕಿ.ಮೀ. ಎಂದರೆ ಸೆಕೆಂಡಿಗೆ ಐದೂವರೆ ಮೀಟರ್. 20 ಮೀಟರ್ ಮಾತ್ರ ಕಾಣುವ ತಿರುವಿನಲ್ಲಿ ಆನೆಗೂ ಸವಾರನಿಗೂ ನಾಲ್ಕು ಸೆಕೆಂಡೂ ಸಿಗುವುದಿಲ್ಲ. ಅದರಲ್ಲಿ ಒಂದು ಸೆಕೆಂಡು ನೋಡಿ ಬ್ರೇಕ್ ಹಿಡಿಯುವುದರಲ್ಲೇ ಹೋಗುತ್ತದೆ, ಉಳಿದದ್ದರಲ್ಲಿ ಚಕ್ರ ಜಲ್ಲಿಯ ಮೇಲೆ ಜಾರುತ್ತದೆ. ಕರಡಿಯ ವಿಷಯದಲ್ಲೂ ಇದೇ. 1972ರ ವನ್ಯಜೀವಿ ಕಾಯ್ದೆ ಅಭಯಾರಣ್ಯಕ್ಕೆ ಅನುಮತಿ ಇಲ್ಲದೆ ಹೋಗಬಾರದು ಎನ್ನುವುದನ್ನು ಸಡಿಲಿಸುವ ಅಗತ್ಯ ನಮಗೆ ಕಾಣುವುದಿಲ್ಲ. ತೋಳಗಳಿಗಾಗಿ 1974ರಲ್ಲಿ ಘೋಷಿಸಿದ ಮೇಲುಕೋಟೆ ಅಭಯಾರಣ್ಯಕ್ಕೂ ಅದೇ ನಿಯಮ ಇರಲಿ.

ನಾವು ಕೇಳುವುದು ಅದರ ಹೊರಗಿನದನ್ನು: ನೀಲಗಿರಿ, ಅಕೇಶಿಯಾ ನೆಡುತೋಪುಗಳ ನಡುವಿನ ಲಾರಿ ದಾರಿಗಳು, ಕಾಡ್ಗಿಚ್ಚು ಹರಡದಂತೆ ಗಿಡ ಸವರಿ ಬಿಟ್ಟ ಬೆಂಕಿ ರೇಖೆಗಳು. ಇವುಗಳಲ್ಲಿ ಯಾವುದರಲ್ಲಿ ಆನೆ ಹಾದಿ ಇಲ್ಲ ಎಂಬುದು ನಿಮ್ಮ ಗಸ್ತಿನವರಿಗೆ ನಮಗಿಂತ ಚೆನ್ನಾಗಿ ಗೊತ್ತು, ಪಟ್ಟಿಯನ್ನು ಅವರೇ ಮಾಡಲಿ. ಹೊತ್ತು ಬೆಳಿಗ್ಗೆ 7ರಿಂದ ಸಂಜೆ 4.30, ಅದಕ್ಕೆ ವಿನಾಯಿತಿ ಇಲ್ಲ. ಫೆಬ್ರುವರಿಯಿಂದ ಮೊದಲ ಒಳ್ಳೆಯ ಮಳೆಯವರೆಗೆ, ಬೆಂಕಿಯ ಕಾಲದಲ್ಲಿ, ಪೂರ್ತಿ ಬಂದ್. ಜೋರು ಮಳೆಯಾದ ಮೇಲೆ ಎರಡು ದಿನ ಬಂದ್, ಹಸಿ ಮಣ್ಣಿನಲ್ಲಿ ಬಿದ್ದ ಚಕ್ರದ ಗೆರೆಯೇ ಮುಂದಿನ ಮಳೆಗೆ ಕೊರಕಲಾಗುತ್ತದೆ. ಹೊತ್ತಿನ ಲೆಕ್ಕದಲ್ಲಿ ದಾರಿ ಮುಚ್ಚುವುದು ಈ ರಾಜ್ಯಕ್ಕೆ ಹೊಸದಲ್ಲ, ಬಂಡೀಪುರದ ಹೆದ್ದಾರಿಯಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ 2009ರಿಂದ ನಿರ್ಬಂಧ ಇದೆ. ಜನರ ಸಂಖ್ಯೆಗೆ ಮಿತಿ ಹಾಕುವುದೂ ಹೊಸದಲ್ಲ. 2024ರ ಜನವರಿಯಲ್ಲಿ ಕುಮಾರಪರ್ವತದಲ್ಲಿ ಜನಜಾತ್ರೆಯಾದ ಮೇಲೆ ಚಾರಣಕ್ಕೆ ಆನ್‌ಲೈನ್ ಬುಕಿಂಗ್ ಬಂತು. ಅದೇ 'ಅರಣ್ಯ ವಿಹಾರ' ಜಾಲತಾಣದಲ್ಲಿ ಸೈಕಲ್ಲಿಗೂ ಒಂದು ಸಾಲು ಸೇರಿಸಬಹುದು. ನಾಲೆ ಏರಿಗೆ ಮಾತ್ರ ಬುಕಿಂಗೂ ಬೇಡ, ಶುಲ್ಕವೂ ಬೇಡ. ಅದು ಊರಿನವರು ದಿನಾ ನಡೆಯುವ ದಾರಿ.

ಪ್ರವಾಸೋದ್ಯಮ ಇಲಾಖೆಗೆ ಒಂದೇ ಕೆಲಸ. ಕಾರಿಲ್ಲದ ದಾರಿಗೆ ಕಾರಿನ ಮೇಲೆ ಸೈಕಲ್ ಕಟ್ಟಿಕೊಂಡು ಬರುವ ತಮಾಷೆ ನಿಲ್ಲಬೇಕಾದರೆ ರೈಲು ಬೇಕು. ಮದ್ದೂರು, ಮಂಡ್ಯ, ಪಾಂಡವಪುರ, ಶ್ರೀರಂಗಪಟ್ಟಣ, ಎಲ್ಲ ಕಡೆ ನಿಲ್ದಾಣಗಳಿವೆ. ಆದರೆ ಸೈಕಲ್ಲನ್ನು ಲಗೇಜು ಎಂದು ಬುಕ್ ಮಾಡಿ ಬ್ರೇಕ್‌ವ್ಯಾನಿಗೆ ಹಾಕಿಸಿ, ಇಳಿಯುವ ಕಡೆ ಎರಡು ನಿಮಿಷದ ನಿಲುಗಡೆಯಲ್ಲಿ ಅದನ್ನು ಬಿಡಿಸಿಕೊಳ್ಳುವುದು ಒಂದು ಸಾಹಸ. ಹತ್ತಿರದ ಊರುಗಳ ನಡುವೆ ಓಡುವ ಮೆಮು ರೈಲಿನ ಒಂದು ಬೋಗಿಯ ತುದಿಯಲ್ಲಿ, ಚಕ್ರ ನೇತುಹಾಕುವ ಆರು ಕೊಕ್ಕೆ ಸಾಕು. ನೈರುತ್ಯ ರೈಲ್ವೆಗೆ ಪತ್ರ ನೀವು ಬರೆಯಿರಿ, ನಮ್ಮ ಪತ್ರಕ್ಕಿಂತ ಅದಕ್ಕೆ ತೂಕ ಹೆಚ್ಚು. ಹೋಟೆಲು, ವ್ಯೂ ಪಾಯಿಂಟು, ಸೆಲ್ಫಿ ಫಲಕ ಯಾವುದೂ ಬೇಡ. ಹತ್ತು ಕಿಲೋಮೀಟರಿಗೊಂದು ಕಡೆ ಕುಡಿಯುವ ನೀರಿನ ನಲ್ಲಿ ಇದ್ದರೆ ಆಯಿತು, ಕಾಫಿ–ಇಡ್ಲಿಯನ್ನು ಊರಿನವರು ನೋಡಿಕೊಳ್ಳುತ್ತಾರೆ.

ಇದೆಲ್ಲ ದುಬಾರಿ ಸೈಕಲ್ಲಿನ ಬೆಂಗಳೂರಿಗರ ಶೋಕಿ ಎಂದು ಯಾರಾದರೂ ಕಡತದಲ್ಲಿ ಬರೆಯುವ ಮೊದಲು ಒಂದು ಅಳತೆ ಗಮನಿಸಿ. ಜಲ್ಲಿದಾರಿಗೆಂದೇ ಈಗ ಲಕ್ಷಗಟ್ಟಲೆಗೆ ಮಾರುವ ಸೈಕಲ್ಲುಗಳ ಟೈರು 40 ಮಿ.ಮೀ. ಆಸುಪಾಸಿನದು. ನಮ್ಮಜ್ಜಂದಿರ ಕರಿ ಸೈಕಲ್ಲಿನ 28 ಇಂಚಿಗೆ ಒಂದೂವರೆ ಇಂಚಿನ ಟೈರೂ 40 ಮಿ.ಮೀ.ನದೇ. 2006–07ರಿಂದ ಸರ್ಕಾರವೇ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಟ್ಟಿತ್ತು. ಮೇಲೆ ಹೇಳಿದ ಮೇಲ್ಮೈಯಲ್ಲಿ ಅವೆಲ್ಲವೂ ಓಡುತ್ತವೆ.

ಸವಾರರಿಗೂ ಎರಡು ಮಾತು, ಇದು ಬಹಿರಂಗ ಪತ್ರವಾದ್ದರಿಂದ. ಟ್ಯೂಬ್‌ಲೆಸ್ 40 ಮಿ.ಮೀ. ಟೈರಿಗೆ 70 ಕಿಲೋ ತೂಕದವರು ಮುಂದೆ 32, ಹಿಂದೆ 35 ಪಿಎಸ್‌ಐ ಗಾಳಿಯ ಒತ್ತಡದಿಂದ ಶುರು ಮಾಡಿ. ಟ್ಯೂಬ್ ಇದ್ದರೆ ಐದಾರು ಹೆಚ್ಚು ಹಾಕಿ, ಇಲ್ಲದಿದ್ದರೆ ಕಲ್ಲಿಗೂ ರಿಮ್ಮಿಗೂ ನಡುವೆ ಟ್ಯೂಬ್ ಕಚ್ಚಿ ಎರಡು ತೂತಾಗುತ್ತದೆ. ಏರಿಗಳ ಮೇಲೆ ನೆಗ್ಗಿಲು ಮುಳ್ಳು, ಬಳ್ಳಾರಿ ಜಾಲಿ ಎರಡೂ ಇವೆ. ನೆಗ್ಗಿಲಿನ ತೂತನ್ನು ಟೈರಿನೊಳಗೆ ಹಾಕುವ ಅಂಟುದ್ರವ, ಸೀಲೆಂಟ್, ಮುಚ್ಚುತ್ತದೆ. ಟೈರಿಗೆ 60ರಿಂದ 90 ಮಿ.ಲೀ. ಹಾಕಿ, ನಮ್ಮ ಬಿಸಿಲಿಗೆ ಅದು ಎರಡು ಮೂರು ತಿಂಗಳಲ್ಲಿ ಒಣಗುತ್ತದೆ ಎಂಬುದು ನೆನಪಿರಲಿ. ಜಾಲಿ ಮುಳ್ಳಿನ ತುದಿ ಮುರಿದು ಒಳಗೇ ಉಳಿಯುತ್ತದೆ. ಟೈರಿನ ಒಳಮೈಯನ್ನು ಬಟ್ಟೆಯಿಂದ ಸವರಿ ತುದಿ ಹುಡುಕಿ ತೆಗೆಯದೆ ಹೊಸ ಟ್ಯೂಬ್ ಹಾಕಿದರೆ ಅದೂ ಹೋಗುತ್ತದೆ. ಕಟ್ಟು ಪದ್ಧತಿಯಲ್ಲಿ, ಎಂದರೆ ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಲಿಸುವ ಸರದಿಯಲ್ಲಿ, ನೀರು ಬಿಟ್ಟ ದಿನಗಳಲ್ಲಿ ತೂಬಿನ ಬಳಿ ರೈತರು ಕೆಲಸದಲ್ಲಿರುತ್ತಾರೆ, ಇಳಿದು ತಳ್ಳಿಕೊಂಡು ಹೋಗಿ. ಏರಿಯಲ್ಲಿ ನೀರು ಜಿನುಗುವುದು ಕಂಡರೆ, ಹೆಗ್ಗಣದ ಬಿಲದ ಬಾಯಿ ಒದ್ದೆಯಾಗಿದ್ದರೆ ನೀರುಗಂಟಿಗೆ ತಿಳಿಸಿ. ಜೀಪಿನಲ್ಲಿ ಹೋಗುವವರ ಕಣ್ಣಿಗೆ ಅದು ಬೀಳುವುದಿಲ್ಲ.

ಇಡೀ ಜಿಲ್ಲೆಯನ್ನು ಒಮ್ಮೆಗೇ ಕೇಳುತ್ತಿಲ್ಲ. ಪಾಂಡವಪುರ ಮತ್ತು ಶ್ರೀರಂಗಪಟ್ಟಣ ನಿಲ್ದಾಣಗಳಿಗೆ ಹತ್ತಿರವಿರುವ, ಬಸ್ಸು ಓಡದ ಒಂದೇ ಏರಿಯನ್ನು ಆರಿಸಿ. ಗೇಟಿನ ಜಾಗಗಳನ್ನು ಅಲ್ಲಿನ ನೀರು ಬಳಕೆದಾರರ ಸಂಘದ ಸಭೆಯಲ್ಲಿಟ್ಟು ಒಪ್ಪಿಗೆ ಪಡೆಯಿರಿ. ಮೆಟ್ಟಿಲು, ಏಣಿಯ ಕೆಲಸವನ್ನು ಬೇಸಿಗೆಯಲ್ಲಿ ನಾಲೆಗೆ ನೀರು ನಿಲ್ಲಿಸಿದಾಗಲೇ ಮಾಡಬೇಕು, ಆದ್ದರಿಂದ ಅಂದಾಜು ಪಟ್ಟಿ ಅದಕ್ಕೆ ಮೊದಲೇ ಸಿದ್ಧವಾಗಬೇಕು. ನಿಮ್ಮ ಸಹಾಯಕ ಎಂಜಿನಿಯರ್ ಯಾವ ದಿನ ಹೇಳಿದರೂ ಅವರ ಜತೆ ಏರಿ ಮೇಲೆ ನಡೆದು ಕಂಬದ ಜಾಗ ಗುರುತು ಮಾಡಲು ನಾವು ಬರುತ್ತೇವೆ. ಟೇಪು, ಸುಣ್ಣದ ಪುಡಿ ನಮ್ಮದು.

ಇಂತಿ,
ಕಾವೇರಿ ಬಯಲಿನ ಕೆಲವು ಸೈಕಲ್ ಸವಾರರು